ಆಣೆ ಇಡದ ಬಣ್ಣದ ಮನೆ

ಓದುವವರ ಸನ್ನಿಧಿಗೆ ವಿನಯಪೂರ್ವಕ ಅರಿಕೆ. ನಾನು ಈವರೆಗೆ ಬರೆದದ್ದೆಲ್ಲ ಅರ್ಜಿಗಳು, ತಕರಾರುಗಳು ಮತ್ತು ಅವುಗಳ ಜವಾಬುಗಳು. ಅವೂ ಪರರ ಪರವಾಗಿ. ಸ್ವಂತ ಬದುಕಿನ ಸಂಗತಿಯನ್ನು ಹೇಗೆ ನಿವೇದಿಸಬೇಕೆಂಬುದು ತಿಳಿಯದ್ದರಿಂದ, ತಿಳಿದ ರೀತಿಯಲ್ಲಿಯೇ ಬರೆಯುತ್ತಿದ್ದೇನೆ. ಕ್ರಮ ತಪ್ಪಿದ್ದಲ್ಲಿ ಮನ್ನಿಸಬೇಕು. ವಿಷಯವು ಬನಹಟ್ಟಿಯಲ್ಲಿ ನಾನು ಆರಂಭಿಸಿ, ಕೆಲವು ವರ್ಷ ನಡೆಯಿಸಿ, ಕಳೆದುಕೊಂಡ ನೂಲಿನ ಬಣ್ಣದ ಮನೆಗೆ ಸಂಬಂಧಿಸಿದ್ದು. ಅದು ಏಕೆ ನಿಂತಿತೆಂಬುದಕ್ಕೆ ಆ ಓಣಿಯಲ್ಲಿ ಒಂದು ಕಾರಣ ಹೇಳುತ್ತಾರೆ. ಆ ಕಾರಣ ಖರೆಯಲ್ಲ. ಆದರೆ ಖರೆಯಾದ ಕಾರಣವನ್ನು ಹೇಳಿದರೆ ಅದೇ ಹೆಚ್ಚು ಸುಳ್ಳಿನಂತೆ ಕೇಳಿಸುತ್ತದೆ.

ನಾನು ಕರಾವಳಿಯ ಕಡೆ ಮಿಶನ್ನಿನ ನೇಯ್ಗೆಯ ಕಾರ್ಖಾನೆಯೊಂದರಲ್ಲಿ ಬಣ್ಣದ ಕೆಲಸ ಕಲಿತವನು. ಲಗ್ನವಾದ ಮೇಲೆ ಹೆಂಡತಿಯೊಡನೆ ಜಮಖಂಡಿ ಸಂಸ್ಥಾನದ ಬನಹಟ್ಟಿಗೆ ಬಂದು, ನೇಕಾರರ ಓಣಿಯ ಕೊನೆಯ ಮನೆಯನ್ನು ಹಿಡಿದೆನು. ಹಿತ್ತಲಲ್ಲಿ ಎರಡು ತಾಮ್ರದ ಹಂಡೆ, ಜಾಲಿ ಕಟ್ಟಿಗೆಯ ಒಲೆ, ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಗಿಸಲು ಬಿದಿರಿನ ಗಳು, ಬಂಡವಾಳವೆಂದರೆ ಇಷ್ಟೆ. ಆ ಓಣಿಗೆ ನಾವೊಬ್ಬರೇ ಕ್ರೈಸ್ತರು. ಹಂಡೆಯನ್ನು ಒಲೆಯ ಮೇಲೆ ಏರಿಸುವ ಮೊದಲು ನಾವಿಬ್ಬರೂ ಮೊಣಕಾಲೂರಿ ಪ್ರಾರ್ಥಿಸಿ, ಕೆಲವು ಸಂಗತಿಗಳನ್ನು ನಿಶ್ಚಯಿಸಿಕೊಂಡೆವು. ದರ ಎಲ್ಲರಿಗೂ ಒಂದೇ. ಆದಿತ್ಯವಾರ ಒಲೆ ಹೊತ್ತಿಸತಕ್ಕದ್ದಲ್ಲ. ತೊಳೆದರೆ ಬಿಡುವ ಕಚ್ಚಾ ಬಣ್ಣವನ್ನು ಪಕ್ಕಾ ಎಂದು ಹೇಳತಕ್ಕದ್ದಲ್ಲ. ಮತ್ತು, ನಮ್ಮ ಕರ್ತನಾದ ಯೇಸುವು ಸ್ಪಷ್ಟವಾಗಿ ಬೇಡವೆಂದಿರುವ ಕಾರಣ, ಏನೇ ಆದರೂ ಆಣೆ ಇಡತಕ್ಕದ್ದಲ್ಲ.

ಮೊದಲಿನ ಮೂರನ್ನು ಓಣಿಯವರು ಸುಲಭವಾಗಿ ಸಹಿಸಿದರು. ಕೊನೆಯದನ್ನು ಮಾತ್ರ ಅವರು ನಂಬಲೇ ಇಲ್ಲ. ಆ ಕಡೆಯ ವ್ಯಾಪಾರದಲ್ಲಿ ಆಣೆ ಇಲ್ಲದೆ ಒಂದು ಮಾತೂ ಮುಂದೆ ಸರಿಯುತ್ತಿರಲಿಲ್ಲ. ನೂಲು ತಂದವನು ಮಕ್ಕಳ ಆಣೆ ಇಡುವನು. ಸೀರೆ ಕೊಳ್ಳುವವನು ಮನೆದೇವರ ಆಣೆ ಇಡುವನು. ನಡುವಿನ ದಲಾಲಿಯು ಎದುರಿಗಿದ್ದವರ ತಲೆ ಮುಟ್ಟಿ ಅವರದೇ ಆಣೆ ಇಡುವನು. ಇದರಲ್ಲಿ ಮೋಸವಿರಲಿಲ್ಲ. ಅದು ಅವರ ನಡುವಿನ ಸಲುಗೆಯಾಗಿತ್ತು. ನಾನು ಮಾತ್ರ, ಬಣ್ಣ ಪಕ್ಕಾ ಇದೆಯೇ ಎಂದು ಕೇಳಿದರೆ ಹೌದು ಎಂದು ಹೇಳಿ ಸುಮ್ಮನಾಗುತ್ತಿದ್ದೆನು. ಕೇಳಿದವರು ಇನ್ನೂ ಏನೋ ಬರಬಹುದೆಂದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು.

ನನಗೆ ಮೊಟ್ಟಮೊದಲು ನೂಲು ಕೊಟ್ಟವರು ಓಣಿಯ ಹಿರಿಯ ನೇಕಾರರೊಬ್ಬರು. ಹಣೆತುಂಬ ವಿಭೂತಿ ಧರಿಸುತ್ತಿದ್ದ ಅವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆನು. ಅವರು ನನ್ನನ್ನು ಬಹಳ ಚೇಷ್ಟೆ ಮಾಡುತ್ತಿದ್ದರು.

"ಒಂದು ಆಣಿ ಇಟ್ಟರ ನಿನ್ನ ನಾಲಿಗಿ ಏನು ಸವೀತೈತೇನ ತಮ್ಮಾ? ಬ್ಯಾರೇದವರದು ಬ್ಯಾಡ, ನಂದ ಇಡು. ನಾ ಸತ್ತರ ನಮ್ಮ ಮುದುಕಿಗರೆ ಆರಾಮ ಆಗ್ತೈತಿ."

ಹೀಗೆ ನಗುತ್ತಲೇ ಅವರು ನೂಲು ಕೊಟ್ಟು ಹೋಗುತ್ತಿದ್ದರು. ಅವರನ್ನು ನೋಡಿ ಉಳಿದವರೂ ಕೊಟ್ಟರು. ಬಣ್ಣವನ್ನು ಪರೀಕ್ಷಿಸದೆ ನಾನು ಒಂದು ಲಡಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಕೆಂಪು ಎಳೆಯನ್ನು ಬಿಳಿ ಎಳೆಯೊಡನೆ ಹೊಸೆದು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಬಿಳಿಯು ಬಿಳಿಯಾಗಿಯೇ ಉಳಿದರೆ ಮಾತ್ರ ಪಕ್ಕಾ ಎನ್ನುತ್ತಿದ್ದೆನು. ಯುದ್ಧ ಆರಂಭವಾಗಿ ಪರದೇಶದ ಬಣ್ಣದ ಡಬ್ಬಿಗಳು ಬರುವುದು ನಿಂತ ಮೇಲೆ, ಸಿಕ್ಕ ಬಣ್ಣವನ್ನು ಕೊಳ್ಳುವುದು ಅನಿವಾರ್ಯವಾಯಿತು. ಆಗ ಈ ಪರೀಕ್ಷೆಯನ್ನು ಇಮ್ಮಡಿಗೊಳಿಸಿದೆನು.

ಹೀಗಿರುವಾಗ ಕಾಕಾ ನೇಯ್ದ ಒಂದು ಲಗ್ನದ ಸೀರೆ ಮುಧೋಳದ ಮನೆತನವೊಂದಕ್ಕೆ ಹೋಯಿತು. ಹೊಸ ಸೊಸೆ ಅದನ್ನು ಮೊದಲ ಸಲ ತೊಳೆದಾಗ ಅಂಚಿನ ಕೆಂಪು ಬಿಟ್ಟು ಸೀರೆಯ ಮೈಯೆಲ್ಲ ಹರಡಿತು. ಅತ್ತೆಯ ಮನೆಯವರು ಅದನ್ನು ಅಪಶಕುನವೆಂದು ಎಣಿಸಿ ಸೀರೆಯನ್ನು ತಿರುಗಿ ಕಳಿಸಿದರು. ಕಾಕಾ ಆ ಸೀರೆಯನ್ನು ನನ್ನ ಮುಂದೆ ಹರವಿದಾಗ ಚೇಷ್ಟೆಯ ಒಂದು ಮಾತೂ ಆಡಲಿಲ್ಲ. ಆ ಕೆಂಪು ನನ್ನ ಹಂಡೆಯದೇ. ಅದನ್ನು ನಾನು ಅಲ್ಲಗಳೆಯಲಿಲ್ಲ. ಆ ನೂಲನ್ನೂ ಕುದಿಸಿ ನೋಡಿದ್ದೆ, ಬಿಳಿ ಎಳೆಗೆ ಕಲೆ ಹತ್ತಿರಲಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆನು. ಮುಧೋಳದಲ್ಲಿ ಅದನ್ನು ಯಾವುದರಲ್ಲಿ ತೊಳೆದರೋ, ಆ ಬಣ್ಣದಲ್ಲಿಯೇ ಪರೀಕ್ಷೆಗೆ ಸಿಗದ ದೋಷವಿತ್ತೋ, ಈವರೆಗೂ ನನಗೆ ತಿಳಿದಿಲ್ಲ.

ಮರುದಿನ ಓಣಿಯ ಹಿರಿಯರು ಕಟ್ಟೆಯ ಮೇಲೆ ಸೇರಿ ನನ್ನನ್ನು ಕರೆಸಿದರು. ಅವರು ನನಗೆ ಕೇಡು ಬಯಸಿ ಸೇರಿದವರಲ್ಲ. ನಷ್ಟ ತುಂಬಿಕೊಡೆಂದೂ ಕೇಳಲಿಲ್ಲ. ತಿಳಿದು ಕಚ್ಚಾ ಬಣ್ಣ ಹಾಕಿಲ್ಲವೆಂದು ಒಂದು ಆಣೆ ಇಟ್ಟುಬಿಟ್ಟರೆ ವಿಷಯ ಅಲ್ಲಿಗೆ ಮುಗಿಯಿತೆಂದು ಹೇಳಿದರು. ಕಾಕಾ ನನ್ನ ಪರವಾಗಿಯೇ ಮಾತನಾಡಿದರು.

"ನಮ್ಮ ದೇವರದು ಬ್ಯಾಡ ತಮ್ಮಾ. ನಿಮ್ಮ ಯೇಸುಸ್ವಾಮಿ ಆಣಿನ ಇಡು. ನಾವು ಒಪ್ಪತೇವಿ."

"ಆಣಿ ಬ್ಯಾಡ ಅಂತ ಆಂವನ ಹೇಳ್ಯಾನ್ರಿ ಕಾಕಾ. ಹಾಕಿಲ್ಲ ಅಂದ್ರ ಹಾಕಿಲ್ಲರಿ."

ಕಟ್ಟೆಯ ಕೆಳಗೆ ನಿಂತಿದ್ದ ಒಬ್ಬನು, "ಸಾಕ್ಷಿ ಹೇಳಾಕ ಒಲ್ಲೆ ಅನ್ನೂ ದೇವರು ಎಂಥಾಂವಲೇ?" ಎಂದನು. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಅವರ ಮುಖವನ್ನು ನೋಡಿಯೇ ನನ್ನ ಬಣ್ಣದ ಮನೆ ಉಳಿಯುವುದಿಲ್ಲವೆಂದು ತಿಳಿದುಕೊಂಡೆನು. ನಾನು ಧರ್ಮಕ್ಕಾಗಿ ಆಣೆಯನ್ನು ನಿರಾಕರಿಸಿದೆನೆಂದು ಅಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ತನ್ನ ದೇವರ ಹೆಸರಿನಲ್ಲಿಯೂ ಆಣೆ ಇಡಲು ಅಂಜುವವನು ತಪ್ಪು ಮಾಡಿದವನೇ ಇರಬೇಕಲ್ಲವೇ?

ನೂಲು ಬರುವುದು ನಿಂತಿತು. ಜಗಳವಾಗಲಿ ಬಹಿಷ್ಕಾರವಾಗಲಿ ಇರಲಿಲ್ಲ. ಎದುರಿಗೆ ಸಿಕ್ಕರೆ ಊಟ ಆತೇನ್ರಿ ಎಂದು ಕೇಳುತ್ತಿದ್ದರು. ನೂಲನ್ನು ಮಾತ್ರ ರಬಕವಿಯ ಕಡೆ ಒಯ್ಯುತ್ತಿದ್ದರು. ಅಪರೂಪಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ ಕ್ರೈಸ್ತ ಸಭೆಯ ಉಪದೇಶಿಗಳು ಎಲ್ಲವನ್ನೂ ಕೇಳಿ, ನಾನು ಮಾಡಿದ್ದು ಸರಿಯೆಂದು ಬಹಳ ಸಂತೋಷದಿಂದ ಹೇಳಿದರು. ಅವರಿಗೆ ಬಡಿಸಲು ಅಂದು ಮನೆಯಲ್ಲಿ ಜೋಳದ ರೊಟ್ಟಿ ಮತ್ತು ಮೆಣಸಿನ ಹಿಂಡಿ ಇಬ್ಬರಿಗಾಗುವಷ್ಟೇ ಇತ್ತು. ತಾನು ಆಗಲೇ ಉಂಡೆನೆಂದು ನನ್ನ ಹೆಂಡತಿ ಹೇಳಿದಳು. ಉಂಡಿರಲಿಲ್ಲ.

ನನ್ನ ಹೆಂಡತಿ ಬೀಳಗಿಯ ಕಡೆಯವಳು. ಆಕೆಯ ತಂದೆ ತಾಯಿ ಸಭೆಗೆ ಸೇರಿದ್ದರೂ, ಅಜ್ಜಿ ಕೊನೆಯವರೆಗೆ ಹಳೆಯ ನಡೆಯಲ್ಲಿಯೇ ಇದ್ದವಳು. ಆ ಅಜ್ಜಿಯ ಮಡಿಲಲ್ಲಿ ಬೆಳೆದವಳಿಗೆ ಓಣಿಯ ಹೆಣ್ಣುಮಕ್ಕಳ ಮಾತು ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಒಬ್ಬಳು, ನಿನ್ನ ಗಂಡ ಮಂದಿಗೆ ಕಚ್ಚಾ ಬಣ್ಣ ಹಾಕಿ ಕೊಟ್ಟನಂತೆ ಎಂದಳಂತೆ. ನನ್ನ ಹೆಂಡತಿ ಕೊಡವನ್ನು ಕೆಳಗಿಟ್ಟು, ಸಣ್ಣ ಶಿಲುಬೆ ಪೋಣಿಸಿದ ತನ್ನ ತಾಳಿಯನ್ನು ಎಲ್ಲರ ಎದುರಿಗೆ ಕೈಯಲ್ಲಿ ಹಿಡಿದು, ಗಂಡ ಹಾಕಿದ ಬಣ್ಣ ಪಕ್ಕಾ ಇತ್ತೆಂದು ಆಣೆ ಇಟ್ಟಳು. ತಾಳಿಯ ಆಣೆ ಎಂದರೆ ಗಂಡನ ಜೀವವನ್ನೇ ಪಣಕ್ಕೆ ಇಟ್ಟಂತೆ. ಅದಕ್ಕಿಂತ ದೊಡ್ಡ ಮಾತು ಆ ಓಣಿಯಲ್ಲಿ ಬೇರೊಂದು ಇರಲಿಲ್ಲ.

ಆಕೆ ಇದನ್ನು ನನಗೆ ತಿಳಿಸಲಿಲ್ಲ. ಮರುದಿನ ಮುಂಜಾನೆ ಕಾಕಾ ಸ್ವತಃ ಲಡಿಗಳ ಗಂಟು ಹೊತ್ತು ತಂದು, ನಗುನಗುತ್ತ ಪಡಸಾಲೆಯಲ್ಲಿ ಇಳಿಸಿದರು. ಅವರ ಹಿಂದೆ ಇನ್ನಿಬ್ಬರು ನೇಕಾರರೂ ತಮ್ಮ ತಮ್ಮ ಗಂಟುಗಳೊಡನೆ ನಿಂತಿದ್ದರು. ನನ್ನ ಪ್ರಾರ್ಥನೆಯನ್ನು ದೇವರು ಕೇಳಿದನೆಂದೇ ನಾನು ಭಾವಿಸಿದೆನು. ಆದರೂ ಏನಾಯಿತೆಂದು ಕೇಳಿದೆನು.

"ಏನಾಗಬೇಕು? ತಂಗಿ ತಾಳಿ ಹಿಡದು ಹೇಳ್ಯಾಳ. ಇನ್ನ ನಮಗ ಮಾತಿಲ್ಲ" ಎಂದರು.

ಒಳಗಿನ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ನಾನು ಗಂಟಿನ ಮೇಲೆ ಕೈಯಿಟ್ಟೆನು. ಆ ನೂಲನ್ನು ತೆಗೆದುಕೊಂಡರೆ ನಮ್ಮ ಒಲೆ ಹೊತ್ತುತ್ತಿತ್ತು. ಆದರೆ ಅದು ಬಂದದ್ದು ಆಣೆಯ ಬಲದಿಂದ. ನನ್ನ ಮಾತಿಗೆ ಅಲ್ಲಿ ಯಾವ ಬೆಲೆಯೂ ಇರಲಿಲ್ಲ. ನಾವು ಆಣೆಯನ್ನು ಒಪ್ಪುವವರಲ್ಲ, ಅದನ್ನು ಆಧಾರ ಮಾಡಿಕೊಂಡು ನೂಲು ತೆಗೆದುಕೊಳ್ಳಲು ಬರುವುದಿಲ್ಲ, ಬರಿಯ ನನ್ನ ಮಾತಿನ ಮೇಲೆ ಕೊಡುವುದಿದ್ದರೆ ಕೊಡಬೇಕು ಎಂದು ಹೇಳಿದೆನು.

ಕಾಕಾ ಬಾಗಿಲಲ್ಲಿದ್ದ ನನ್ನ ಹೆಂಡತಿಯ ಕಡೆ ಕೈ ಮಾಡಿದರು. "ಹಂಗಾರ ಆಕಿ ಹೇಳಿದ್ದು ಸುಳ್ಳೇನು?"

"ಸುಳ್ಳಲ್ಲರಿ."

"ಸುಳ್ಳಲ್ಲ ಅಂದ್ರ ಯಾಕ ಬ್ಯಾಡ ಅಂತಿ?"

ಖರೆಯಾದರೂ ಆಣೆ ಇಡಬಾರದೆಂದು ನಾನು ಕೊಟ್ಟ ಉತ್ತರ ಅವರಿಗೆ ತಿಳಿಯಲಿಲ್ಲ. ಅವರು ಬಾಗಿ ಗಂಟನ್ನು ಎತ್ತಿಕೊಂಡರು. ಉಳಿದ ಇಬ್ಬರು ತಮ್ಮ ಗಂಟುಗಳನ್ನು ಇಳಿಸಿರಲೇ ಇಲ್ಲ. ಹೊರಗೆ ಹೋಗುತ್ತ ಅವರಲ್ಲೊಬ್ಬನು, "ಸಾಯಾಕ ಅಂಜ್ಯಾನ ಬಿಡ್ರಿ, ಆಣಿ ತನ್ನ ಕೊರಳಿಗೇ ಬರ್ತೈತೆಂತ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಓಣಿಯಲ್ಲಿ ಹೇಳುವ ಕಾರಣ ಇದೇ. ಹೆಂಡತಿ ಸುಳ್ಳು ಆಣೆ ಇಟ್ಟಳು, ಅದು ತಟ್ಟೀತೆಂದು ಗಂಡ ಹೆದರಿ ಅದನ್ನು ಹಿಂದಕ್ಕೆ ತೆಗೆದುಕೊಂಡನು.

ಅವರು ಹೋದ ಮೇಲೆ ನನ್ನ ಹೆಂಡತಿ ಅಳಲಿಲ್ಲ. "ನಿಮ್ಮ ಮಾತು ನೀವು ಉಳಿಸಿಕೊಂಡ್ರಿ. ನನ್ನ ಮಾತು ಎಲ್ಲಿ ಹೋಗಬೇಕ್ರಿ?" ಎಂದಷ್ಟೇ ಕೇಳಿದಳು. ಅಂದಿನಿಂದ ಆಕೆ ಬಾವಿಗೆ ಎಲ್ಲರೂ ನೀರು ಸೇದಿಕೊಂಡು ಹೋದ ಮೇಲೆ ಹೋಗುತ್ತಿದ್ದಳು. ಬಾಣಂತಿಯರ ಮನೆಗೆ, ತೊಟ್ಟಿಲ ಕಾರ್ಯಕ್ಕೆ ಆಕೆಯನ್ನು ಕರೆಯುವುದನ್ನು ಬಿಟ್ಟರು. ತಾಳಿಯ ಮೇಲೆ ಸುಳ್ಳು ಹೇಳಿದವಳನ್ನು ಮುತ್ತೈದೆಯರ ಸಾಲಿನಲ್ಲಿ ಯಾರು ಕೂರಿಸುತ್ತಾರೆ? ಆಕೆ ಹೇಳಿದ್ದು ಸುಳ್ಳೆಂದು ನಾನು ಎಲ್ಲಿಯೂ ಹೇಳಿರಲಿಲ್ಲ. ಆದರೂ ಹಾಗೆಂದು ಹೇಳಿದವನು ನಾನೇ ಆದೆನು.

ಹಂಡೆಗಳನ್ನು ಮಾರಿ, ನಾವು ಜಮಖಂಡಿಗೆ ಬಂದು ಕಚೇರಿಯ ಎದುರಿಗೆ ಅರ್ಜಿ ಬರೆಯುವ ಕೆಲಸ ಹಿಡಿದದ್ದು ಇದರ ಮುಂದಿನ ಸಂಗತಿ. ಅದಕ್ಕೂ ಮೊದಲು, ಬನಹಟ್ಟಿಯಲ್ಲಿಯೇ ಇರುವಾಗ, ನನಗೆ ಜ್ವರ ಬಂದು ಹಾಸಿಗೆ ಹಿಡಿದೆನು. ಓಣಿಯವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಕನಿಕರವೂ ಇತ್ತು, ಆಣೆ ತಟ್ಟುವುದೋ ಇಲ್ಲವೋ ಎಂಬ ಕುತೂಹಲವೂ ಇತ್ತು. ನಾನು ಸತ್ತರೆ ನನ್ನ ಹೆಂಡತಿ ಸುಳ್ಳುಗಾರ್ತಿ. ಬದುಕಿದರೆ, ಆಣೆಯನ್ನು ಮೊದಲೇ ಹಿಂದಕ್ಕೆ ತೆಗೆದುಕೊಂಡದ್ದರಿಂದ ಬದುಕಿದೆನೆಂದು ಹೇಳುವರು. ಎರಡರಲ್ಲಿಯೂ ಆಕೆಗೆ ಬಿಡುಗಡೆ ಇರಲಿಲ್ಲ.

ಜ್ವರ ಹೆಚ್ಚಾಗಿದ್ದ ಒಂದು ಮಧ್ಯಾಹ್ನ ಆಕೆ ನನ್ನ ಹಣೆಯ ಮೇಲಿನ ಒದ್ದೆಯ ಬಟ್ಟೆಯನ್ನು ಬದಲಿಸಿ, ಹಾಸಿಗೆಯ ಅಂಚಿನಲ್ಲಿ ಕುಳಿತು, ಬಹಳ ಮೆಲ್ಲಗೆ ಕೇಳಿದಳು.

"ಖರೇ ಹೇಳ್ರಿ. ಆ ಕೆಂಪು ಪಕ್ಕಾ ಇತ್ತೇನ್ರಿ?"

"ಹೌದು" ಎಂದೆನು.

ಆಕೆ ನನ್ನ ಬಾಯಿಯನ್ನೇ ನೋಡುತ್ತ ಕುಳಿತಳು. ಮುಂದೆ ಇನ್ನೊಂದು ಮಾತು ಬರಬೇಕೆಂದು ಕಾಯುತ್ತಿದ್ದಳೆಂಬುದು ಸ್ವಲ್ಪ ಹೊತ್ತಿನ ಮೇಲೆ ನನಗೆ ತಿಳಿಯಿತು. ಹೌದು ಎಂಬುದರ ಆಚೆಗೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಆಕೆ ಎದ್ದು, ನೀರಿನ ಬಟ್ಟಲನ್ನು ತೆಗೆದುಕೊಂಡು ಒಳಗೆ ಹೋದಳು.