ರಾಜಿ ದುಗ್ಗಪ್ಪನ ಮಗಳ ಕೇಸು

"ನಾನು ಕೂತ ಪಂಚಾಯ್ತೀಲಿ ಗಂಡ ಹೆಂಡ್ತಿ ಬೇರೆ ಆಗಿದ್ದು ಅಂತ ಒಂದೂ ಇಲ್ಲ. ಹುಲೀನೂ ಹಸೂನೂ ಒಂದೇ ಕೊಟ್ಟಿಗೇಲಿ ಕಟ್ಟಿ, ಬೆಳಿಗ್ಗೆ ಎರಡೂ ಹಾಲು ಕೊಡೋ ಹಂಗೆ ಮಾಡ್ತೀನಿ" ಎಂದು ಆನಂದಪುರದ ಅಕ್ಕಿ ಗಿರಣಿಯ ದುಗ್ಗಪ್ಪ ಹೇಳುತ್ತಿದ್ದ.

ಗಿರಣಿ ಓಡುವ ಸದ್ದಿನಲ್ಲೂ ಅವನ ಮಾತು ಸಾಗರದ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಉಳಿದವರ ಮಾತು ಮಾತ್ರ ಅವನಿಗೆ ಕೇಳುತ್ತಿರಲಿಲ್ಲ. ಪಂಚಾಯ್ತಿಯಲ್ಲೂ ಅದೇ ಕ್ರಮ. ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಎದುರುಬದುರು ಕೂರಬೇಕು, ದುಗ್ಗಪ್ಪ ಮಾತಾಡಬೇಕು. ಕೊನೆಗೆ ಅಪ್ಪಂದಿರಿಬ್ಬರೂ ಒಂದೇ ತಟ್ಟೆಯಿಂದ ವೀಳ್ಯ ಎತ್ತಿದರೆ ರಾಜಿ ಆಯಿತು. ಹುಡುಗಿ ಅಷ್ಟು ಹೊತ್ತೂ ಒಳಗೆ ಕಾಫಿ ಕಾಸುತ್ತಿರುತ್ತಾಳೆ. ಲೋಟ ತಂದಿಡುವಾಗ ಅವಳಿಗೆ ತೀರ್ಮಾನ ತಿಳಿಯುತ್ತದೆ. ಹೀಗೆ ರಾಜಿಯಾದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲಿನ ಬಾಲ ತುಮರಿಯ ಹಿನ್ನೀರಿನಲ್ಲಿ ನೆನೆಯುತ್ತದೆ ಎಂಬುದು ಅವನ ಲೆಕ್ಕ.

ಇಂಥವನ ಮಗಳು ಸುಚಿತ್ರಾ, ಗಂಡನಿಂದ ವಿಚ್ಛೇದನ ಬೇಕೆಂದು ಸಾಗರದ ಕೋರ್ಟಿಗೆ ಅರ್ಜಿ ಹಾಕಿದಳು. ಗಂಡ ರಾಜೇಂದ್ರನದು ಮಾಸ್ತಿಕಟ್ಟೆ ಕಡೆಯ ಮನೆ. ಸುದ್ದಿ ತಿಳಿದ ದಿನ ದುಗ್ಗಪ್ಪ ಗಿರಣಿಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಸಂತೆಗೂ ಹಿತ್ತಿಲ ದಾರಿಯಿಂದಲೇ ಹೋಗತೊಡಗಿದ. ಎದುರು ಬಂದ ಹೋರಿ ಕೂಡ ತನ್ನ ಮುಖ ನೋಡಿ ನಕ್ಕಂತೆ ಅವನಿಗೆ ಅನ್ನಿಸುತ್ತಿತ್ತು. ಹೇಗಾದರೂ ಮಗಳನ್ನು ಗಂಡನ ಮನೆಗೆ ಮುಟ್ಟಿಸಿಬಿಟ್ಟರೆ ಊರಲ್ಲಿ ಮತ್ತೆ ತಲೆ ಎತ್ತಬಹುದು. ಅವನ ತಲೆಯಲ್ಲಿ ಇದ್ದದ್ದು ಅದೊಂದೇ.

"ಜಡ್ಜು ಮೊದ್ಲು ಮಾತುಕತೆಗೆ ಕಳಿಸಿದಾರಂತೆ. ಮೀಡಿಯೇಷನ್ ಅಂತಾರಂತೆ" ಎಂದಳು ಹೆಂಡತಿ ಗುತ್ಯಮ್ಮ.

"ಅಂದ್ರೆ ಪಂಚಾಯ್ತಿ. ಕೋರ್ಟಿನೋರಿಗೂ ಕೊನೆಗೆ ನನ್ನ ದಾರೀನೇ ಬೇಕಾಯ್ತು ನೋಡು" ಎಂದು ದುಗ್ಗಪ್ಪ ಜೇಬಿಗೆ ಎಲೆ ಅಡಿಕೆ ತುರುಕಿಕೊಂಡ.

"ಅವಳು ಎಂತ ಹೇಳ್ತಾಳೆ, ಸ್ವಲ್ಪ ಕೇಳಿ."

"ಅವಳು ಹೇಳೋದೆಂತದು? ನಾನಿದೀನಲ್ಲ."

ಕೋರ್ಟಿನ ಆವರಣದಲ್ಲೇ ಆ ಕೋಣೆ. ಕಟಕಟೆ ಇಲ್ಲ, ಕೂಗಿ ಕರೆಯುವ ಜವಾನ ಇಲ್ಲ. ಒಂದು ದುಂಡು ಮೇಜು, ಸುತ್ತ ಕುರ್ಚಿ. ಮಾತುಕತೆ ನಡೆಸುವವರು ಶ್ರೀಗೌರಿ ಎಂಬ ವಕೀಲರು. ಇಲ್ಲಿ ಆಡಿದ ಮಾತು ಜಡ್ಜರ ಕಿವಿಗೂ ಹೋಗುವುದಿಲ್ಲ, ತೀರ್ಪು ಕೊಡುವ ಅಧಿಕಾರ ನನಗಿಲ್ಲ, ಗಂಡ ಹೆಂಡತಿ ಒಪ್ಪಿ ಸಹಿ ಮಾಡಿದ್ದಷ್ಟೇ ಕೋರ್ಟಿಗೆ ಹೋಗುತ್ತದೆ ಎಂದು ಅವರು ಹೇಳುತ್ತಿರುವಾಗಲೇ ದುಗ್ಗಪ್ಪ ಎಲೆ ಅಡಿಕೆಯನ್ನು ಮೇಜಿನ ಮೇಲೆ ಹರಡಿ, ರಾಜೇಂದ್ರನ ಸೋದರಮಾವ ಸೀತಾರಾಮಪ್ಪನತ್ತ ತಳ್ಳಿದ.

"ಹುಡುಗನಿಗೆ ಅಪ್ಪ ಇಲ್ಲ, ನೀವೇ ಎತ್ತಿ. ಈಚೆಯಿಂದ ನಾನು ಎತ್ತುತ್ತೀನಿ. ಮುಗೀತು."

ಸೀತಾರಾಮಪ್ಪ ಕೈ ಚಾಚಿಯೇಬಿಟ್ಟ.

"ದುಗ್ಗಪ್ಪನೋರೇ, ಮದುವೆ ಆಗಿರೋದು ನೀವೂ ಸೀತಾರಾಮಪ್ಪನೋರೂ ಅಲ್ಲವಲ್ಲ" ಎಂದರು ಶ್ರೀಗೌರಿ. "ಸುಚಿತ್ರಾ, ನೀವು ಹೇಳಿ. ಆ ಮನೇಲಿ ಏನು ಕಷ್ಟ?"

"ಕಷ್ಟ ಎಂತದೂ ಇಲ್ಲ ಮೇಡಂ" ಎಂದ ದುಗ್ಗಪ್ಪ.

"ನಾನು ಅವರನ್ನ ಕೇಳಿದೆ."

"ಅದೇ ಮೇಡಂ, ಅವಳಿಗೆ ಎಂತದೂ ಇಲ್ಲ. ಒಳ್ಳೆ ಭದ್ರವಾದ ಮನೆ."

ಸುಚಿತ್ರಾ ಅಪ್ಪನ ಕಡೆ ತಿರುಗದೆ ಹೇಳಿದಳು. "ಭದ್ರ ಹೌದು. ಇವ್ರು ಕೆಲಸಕ್ಕೆ ಹೋಗುವಾಗ ನನ್ನ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ತಾರೆ. ಕೀಲಿ ಅತ್ತೆ ಸೊಂಟದಲ್ಲಿ. ಬೀಗ ತೆಗೆದಾಗೆಲ್ಲ ನಾನು ತವರಿಗೆ ಓಡಿ ಬಂದೆ. ಬಂದಾಗೆಲ್ಲ ಅಪ್ಪಯ್ಯ ಬೈಕಲ್ಲಿ ಕೂರಿಸ್ಕೊಂಡು ವಾಪಸ್ ಬಿಟ್ಟ. ಯಾಕೆ ಬಂದೆ ಅಂತ ದಾರೀಲಿ ಒಂದ್ಸಲಾನೂ ಕೇಳ್ಲಿಲ್ಲ. ಹಿಂದಿನ ಸಲ ಬೀಗ ಬಾಗಿಲಲ್ಲೇ ನೇತಾಡ್ತಿತ್ತು. ಅದನ್ನ ಕೈಲಿ ತೂಗಿ ನೋಡಿ, ಗಟ್ಟಿ ಮಾಲು, ಎಲ್ಲಿ ತಂದ್ರಿ ಅಳಿಯಂದ್ರೇ ಅಂದ."

"ಬಿಟ್ಟು ಹೋಗ್ತಾಳೆ ಅಂತ ಹೆದರಿಕೆ ಆಗ್ತಿತ್ತು ಮೇಡಂ" ಎಂದು ರಾಜೇಂದ್ರ ತಲೆ ತಗ್ಗಿಸಿಯೇ ಹೇಳಿದ. ಸುಳ್ಳು ಎನ್ನಲಿಲ್ಲ.

ದುಗ್ಗಪ್ಪನಿಗೆ ಬೀಗ ನೆನಪಿತ್ತು. ಹಿತ್ತಾಳೆಯದು, ಅಂಗೈ ತುಂಬುವಂಥದು. ಅಂಥದ್ದೇ ಒಂದನ್ನು ಗಿರಣಿಗೂ ತಂದಿದ್ದ. ಅವನು ಎಲೆಗಳನ್ನು ಒಂದೊಂದಾಗಿ ಜೇಬಿಗೆ ಸೇರಿಸತೊಡಗಿದ. ಅಡಿಕೆ ಉರುಳಿ ಕೆಳಗೆ ಬಿತ್ತು. ಅದನ್ನು ಹುಡುಕಲು ಬಗ್ಗಿದವನು ಮೇಜಿನಡಿ ಎಷ್ಟು ಹೊತ್ತು ಉಳಿದನೆಂದರೆ, ಅಷ್ಟರಲ್ಲಿ ಮೇಲೆ ಕೂತವರು ಮಕ್ಕಳ ಮದುವೆ ಮುಗಿಸಿ ಮೊಮ್ಮಕ್ಕಳಿಗೆ ಹೆಸರಿಡಬಹುದಿತ್ತು. ಅಡಿಕೆ ಅವನ ಕಾಲ ಹತ್ತಿರವೇ ಇತ್ತು. ಎದ್ದರೆ ಮಗಳ ಮುಖ ನೋಡಬೇಕಲ್ಲ.

ಇಬ್ಬರೊಂದಿಗೂ ಬೇರೆಬೇರೆಯಾಗಿ ಮಾತಾಡಬೇಕೆಂದು ಶ್ರೀಗೌರಿ ಹಿರಿಯರನ್ನು ಹೊರಗೆ ಕಳಿಸಿದರು. ಬಾಗಿಲಾಚೆಯ ಬೆಂಚಿನಲ್ಲಿ ದುಗ್ಗಪ್ಪ ಕೂತ. ತನ್ನ ಪಂಚಾಯ್ತಿಗಳಲ್ಲಿ ಕಾಫಿ ತಂದಿಟ್ಟ ಹುಡುಗಿಯರ ಮುಖಗಳನ್ನು ನೆನಪಿಸಿಕೊಳ್ಳಲು ನೋಡಿದ. ಲೋಟಗಳಷ್ಟೇ ನೆನಪಾದವು.

ಶ್ರೀಗೌರಿ ಮಾತುಕತೆಗೆ ಇನ್ನೂ ಕೆಲವು ಸಲ ಎಲ್ಲರನ್ನೂ ಕರೆದರು. ಪ್ರತಿ ಸಲವೂ ಅವನು ತಾನಾಗಿ ಬೆಂಚಿನಲ್ಲೇ ಉಳಿದ. ಕೊನೆಗೆ ಜಗಳವಿಲ್ಲದೆ ಬೇರೆಯಾಗಲು ಗಂಡ ಹೆಂಡತಿ ಇಬ್ಬರೂ ಒಪ್ಪಿ ಸಹಿ ಹಾಕಿದರು. ಕಾನೂನಿನಂತೆ ಕಾಯಬೇಕಾದ ಅವಧಿ ಮುಗಿದ ಮೇಲೆ ಜಡ್ಜು ವಿಚ್ಛೇದನದ ಆದೇಶ ಕೊಡುತ್ತಾರೆ, ಅಷ್ಟೇ ಬಾಕಿ.

ಕೋರ್ಟಿನ ಮೆಟ್ಟಿಲಿಳಿಯುವಾಗ ಸೀತಾರಾಮಪ್ಪ ಬೇಕೆಂದೇ ನಾಲ್ಕು ಜನರ ಎದುರು ನಿಲ್ಲಿಸಿ ಕೇಳಿದ. "ಅಲ್ಲಾ ದುಗ್ಗಪ್ಪನೋರೇ, ಸೀಮೆಗೆಲ್ಲ ಬುದ್ಧಿ ಹೇಳಿದೋರು ನೀವು. ಈಗ ಮಗಳನ್ನ ಮನೇಲಿಟ್ಕೊಂಡು ಊರಿನೋರಿಗೆ ಎಂತ ಹೇಳ್ತೀರಿ?"

ದುಗ್ಗಪ್ಪನ ಮುಖ ಕೆಂಪೇರಿತು. ಅಭ್ಯಾಸದಂತೆ ಬಾಯಿ ತೆರೆದವನು ಮುಚ್ಚಿಕೊಂಡ. ಆಮೇಲೆ, ಗಿರಣಿ ನಿಂತಾಗ ಆಡುವಂಥ ಸಣ್ಣ ದನಿಯಲ್ಲಿ ಹೇಳಿದ.

"ನನ್ನ ಯಾಕೆ ಕೇಳ್ತೀರಿ? ಅವಳು ಅಲ್ಲೇ ನಿಂತಿದಾಳೆ. ಧೈರ್ಯ ಇದ್ರೆ ಅವಳನ್ನೇ ಕೇಳಿ."