ಬಾವಿಯ ಕಲ್ಲು ಕಂಡ ವರ್ಷ

ದೊಡ್ಡಬಳ್ಳಾಪುರ ಎಷ್ಟು ದೊಡ್ಡದಾಗಬೇಕೆಂದು ಯೋಚಿಸಿದವರು ಆಗ ಯಾರೂ ಇದ್ದಂತಿಲ್ಲ. ನಮ್ಮ ನೇಕಾರರ ಬೀದಿ ಎಷ್ಟು ದೊಡ್ಡದಾಗಬೇಕೆಂಬುದನ್ನು ಮಾತ್ರ ಒಂದು ಕಲ್ಲು ತೀರ್ಮಾನಿಸುತ್ತಿತ್ತು. ಸಿಹಿನೀರಿನ ಬಾವಿಯ ಒಳಗೋಡೆಯಿಂದ ಚಾಚಿಕೊಂಡಿದ್ದ ಆ ಕಲ್ಲು ಯುಗಾದಿಗೆ ಮುಂಚೆಯೇ ನೀರಿನಿಂದ ಮೇಲೆ ಕಂಡರೆ, ಆ ವರ್ಷ ಹೊಸ ಮನೆಯವರಾರೂ ಹಗ್ಗ ಇಳಿಸುವಂತಿಲ್ಲ. ಅಂದರೆ, ಬೀದಿಯಲ್ಲಿ ಬಿಡಾರ ಹೂಡುವಂತಿಲ್ಲ. ಕಲ್ಲು ನೋಡಿ ಹೇಳುವ ಘನಕಾರ್ಯ ನಮ್ಮ ಮನೆತನದ್ದು. ಅಪ್ಪ ರುಮಾಲು ಸುತ್ತಿಕೊಂಡು, ಹೈಕೋರ್ಟಿನ ಜಡ್ಜಿಯ ಗತ್ತಿನಲ್ಲಿ ಬಾವಿಯೊಳಗೆ ಬಗ್ಗುತ್ತಿದ್ದರು. ಒಮ್ಮೆ ರುಮಾಲು ನೀರಿಗೆ ಬಿದ್ದದ್ದುಂಟು, ತೀರ್ಪು ಬದಲಾಗಲಿಲ್ಲ.

ಎರಡನೇ ಮಹಾಯುದ್ಧದ ಕಾಲ, ಯುಗಾದಿಗೆ ಇನ್ನೂ ತಿಂಗಳಿತ್ತು. ಹಳ್ಳಿಗಳಲ್ಲಿ ನೂಲು ಸಿಗದಂತಾಗಿ, ತೂಬಗೆರೆಯಲ್ಲಿದ್ದ ಅಕ್ಕ, ಭಾವ ಮಗುವನ್ನೆತ್ತಿಕೊಂಡು ಬಂದು, ನಮ್ಮ ಬೀದಿಗೇ ಮಗ್ಗ ತರುತ್ತೇವೆಂದರು. ಅಪ್ಪನ ಕಣ್ಣು ಅಷ್ಟರಲ್ಲಿ ಮಂಜಾಗಿತ್ತು. ಬಗ್ಗಿ ನೋಡಿದವನು ನಾನು. ಕಲ್ಲು ನಾಲ್ಕು ಬೆರಳಷ್ಟು ಕಾಣುತ್ತಿತ್ತು.

"ಏನ್ಲಾ?" ಎಂದರು ಅಪ್ಪ.

"ಕಾಣ್ತದೆ."

ಕಾಣುವುದಿಲ್ಲವೆಂದು ನಾನು ಹೇಳಿದ್ದರೆ ಪರೀಕ್ಷಿಸಲು ಯಾರೂ ಬಗ್ಗುತ್ತಿರಲಿಲ್ಲ.

ಪಕ್ಕದ ಮನೆಯ ಅಜ್ಜಿ, "ಮನೆ ಮಗಳು ಕಣಪ್ಪ! ಆ ಕಲ್ಲಿಗೇನು ಕಣ್ಣಾ, ಕಿವಿಯಾ?" ಎಂದಳು.

"ಹೋದ ವರ್ಷ ಬೇರೆಯೋರ ಮಗಳನ್ನ ವಾಪಸ್ ಕಳಿಸಿದೀನಲ್ಲಮ್ಮ," ಎಂದರು ಅಪ್ಪ.

ಅಕ್ಕ ಜಗಳವಾಡಲಿಲ್ಲ. ಭಾವ ಬೆಂಗಳೂರಿನ ಬಟ್ಟೆ ಗಿರಣಿಯೊಂದನ್ನು ಸೇರಿದರು. ಅವರಿದ್ದ ವಠಾರದಲ್ಲಿ ಹದಿನೆಂಟು ಸಂಸಾರಕ್ಕೆ ಒಂದು ನಲ್ಲಿ. ಅಲ್ಲಿ ಯಾವ ಕಲ್ಲೂ ಯಾರನ್ನೂ ತಡೆಯುತ್ತಿರಲಿಲ್ಲ. ಬಂದವರಿಗೆಲ್ಲ ಜಾಗವಿತ್ತು, ನೀರು ಮಾತ್ರ ಇರಲಿಲ್ಲ. ಆ ಮಳೆಗಾಲದಲ್ಲಿ ವಾಂತಿಭೇದಿ ಬಂದು ಮಗು ಎರಡೇ ದಿನದಲ್ಲಿ ಹೋಯಿತು.

ಅಪ್ಪ, ನಾನು ರೈಲಿನಲ್ಲಿ ಹೋದೆವು.

"ಬಂದ್ಬಿಡವ್ವ. ಬೀದಿಯೋರಿಗೆ ನಾನು ಹೇಳ್ತೀನಿ," ಎಂದರು ಅಪ್ಪ.

ಅಕ್ಕ ಒಲೆಯ ಮುಂದಿನಿಂದ ತಿರುಗಲಿಲ್ಲ. "ಈಗ ಇಬ್ರೇ ಅಲ್ವಾ ಅಪ್ಪಯ್ಯ, ನೀರು ಸಾಲ್ತದೆ ಬಿಡಿ," ಎಂದಳು. ನಮ್ಮೊಂದಿಗೆ ಬರಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಎರಡು ಸಂಸಾರಗಳು ಹಗ್ಗ ಇಳಿಸಲು ಅಪ್ಪಣೆ ಕೇಳಿಕೊಂಡು ಬಂದವು. ನಾನು ಬಾವಿಯ ಕಡೆ ಹೊರಟೆ.

"ನೋಡ್ಬೇಡ, ಕೂತ್ಕೊ," ಎಂದು ಅಪ್ಪ ನನ್ನನ್ನು ತಡೆದರು. ಬಂದವರಿಗೆ, "ಇಳಿಸ್ಕೊಳ್ಳಿ," ಎಂದುಬಿಟ್ಟರು.

ಆಮೇಲೆ ಬಂದವರಾರಿಗೂ ಅವರು ಇಲ್ಲವೆನ್ನಲಿಲ್ಲ. ಮೂರನೆಯ ಬೇಸಿಗೆಗೆ ಬಾವಿಯ ತಳ ಕಂಡಿತು. ಹೆಂಗಸರು ಕೊಡ ಹೊತ್ತು ಊರಾಚೆಯ ಕೆರೆಗೆ ನಡೆದರು. ಅಪ್ಪನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅಪ್ಪನಿಗೇ ಸ್ವಲ್ಪ ಹಗುರವಾಗುತ್ತಿತ್ತೇನೋ.