ಪಕ್ಕದಲ್ಲಿ ಬಾಗಿಲಿರುವ ಚೀಲ

ನಮ್ಮ ನಾಯಿಯ ಹಿಂಗಾಲು ಮುರಿದಿತ್ತು. ಕಲಬುರಗಿಗೆ ಒಯ್ದು ಆಪರೇಷನ್ ಮಾಡಿಸದಿದ್ದರೆ ಆ ಕಾಲು ಕೂಡುವುದಿಲ್ಲ ಎಂದು ಸೇಡಂನ ಪಶುವೈದ್ಯರು ಹೇಳಿದರು. ಪಂಜರವಿಲ್ಲದೆ ನಾಯಿಯನ್ನು ಹತ್ತಿಸುವುದಿಲ್ಲ ಎಂದು ಅಲ್ಲಿಗೆ ಹೋಗುವ ಜೀಪಿನವನು ಹೇಳಿದ.

ಹಿಂದೊಮ್ಮೆ ನಾಯಿ ಹಿಡಿಯುವವರು ಅದನ್ನು ಕಬ್ಬಿಣದ ಪಂಜರಕ್ಕೆ ತಳ್ಳಿದ್ದರು. ಅಂದಿನಿಂದ ಕಬ್ಬಿಣದ ಸದ್ದಿಗೇ ಅದು ಒದ್ದಾಡುತ್ತದೆ. ಒದ್ದಾಡಿದರೆ ಕಾಲು ಇನ್ನಷ್ಟು ಕೆಡುತ್ತಿತ್ತು. ಹಾಗಾಗಿ ಬಟ್ಟೆಯ ಪಂಜರವೇ ಬೇಕೆಂದು ನಿರ್ಧರಿಸಿದೆ.

"ಬಟ್ಟಿದು ಹರಕೊಂಡು ಹೋಗ್ತದ. ನಾಯಿಗೇನು ಡೇರೆ ಹೊಡೀತಿ?" ಎಂದ ಅಣ್ಣ.

"ಹರದ್ರ ಮತ್ತ ಹೊಲಸ್ತೀನಿ. ಕಬ್ಬಿಣದ್ದು ಮಾತ್ರ ತರಂಗಿಲ್ಲ" ಎಂದೆ.

ಜೋಳದ ಚೀಲ ಹೊಲಿಯುವ ದರ್ಜಿಗೆ ತಾಡಪತ್ರಿ ಬಟ್ಟೆ, ಸೊಳ್ಳೆಪರದೆ, ಜಿಪ್ ಕೊಟ್ಟು, ನಾಯಿ ಹಿಡಿಸುವಂಥ ಚೀಲ ಹೊಲಿಯಲು ಹೇಳಿ ಬಂದೆ. ಮರುದಿನ ಹೋದಾಗ ಎಲ್ಲ ಸರಿಯಿತ್ತು, ಬಾಯಿ ಮಾತ್ರ ಮೇಲಿತ್ತು.

"ಚೀಲದ ಬಾಯಿ ಮ್ಯಾಲೇ ಇರ್ತದ್ರಿ ಅಕ್ಕೋರೆ. ಎತ್ತಿ ಹಾಕ್ರಿ, ಜಿಪ್ ಎಳೀರಿ."

"ಎತ್ತಿ ಹಾಕಲಿಕ್ಕ ಅದೇನು ಜೋಳ ಏನ್ರಿ? ಕಾಲು ಮುರದದ. ತಾನೇ ನಡಕೋತ ಒಳಗ ಹೋಗ್ಬೇಕು. ಬಿಚ್ಚಿ ಬಾಜೂಕ ಬಾಗಿಲ ಮಾಡ್ರಿ."

"ಹೊಲದಿದ್ದು ಬಿಚ್ಚಂದ್ರ ಹೆಂಗ್ರಿ?"

"ಬಿಚ್ಚೂತನ ನಾ ಇಲ್ಲೇ ಕುಂದರ್ತೀನಿ."

ಕುಳಿತೆ. ಅವನು ಗೊಣಗುತ್ತಲೇ ಬಿಚ್ಚಿದ, ಗೊಣಗುತ್ತಲೇ ಹೊಲಿದ.

ಮನೆಯಲ್ಲಿ ಚೀಲದೊಳಗೆ ಹಳೆಯ ಸೀರೆ ಹಾಸಿ ಬಾಗಿಲು ತೆರೆದಿಟ್ಟೆ. ಅಣ್ಣ ಕೈಕಟ್ಟಿ ನಿಂತು ನೋಡುತ್ತಿದ್ದ. ನಾಯಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಕೊನೆಗೆ ಮೂರು ಕಾಲಿನಲ್ಲಿ ಕುಂಟುತ್ತ ಒಳಗೆ ಹೋಗಿ ಮಲಗಿತು. ನಾನು ಜಿಪ್ ಎಳೆದೆ.

"ಆ ಕಡಿ ಹಿಡಿ, ಜೀಪ್ ಬಂದದ" ಎಂದೆ. ಅಣ್ಣ ಕಟ್ಟಿದ ಕೈ ಬಿಚ್ಚಿ ಆ ಕಡೆ ಹಿಡಿದ.